ಮಂಗಳೂರಿನ ಸೆಕೆಯಲ್ಲಿ ರೆಡ್ ವೈನ್: ಮನೆಯಲ್ಲಿ ಇಡುವುದು ಹೇಗೆ, ಯಾವ ಊಟಕ್ಕೆ ಹೊಂದುತ್ತದೆ, ಫೆಬ್ರವರಿಯಲ್ಲಿ ನಾಸಿಕವೋ ನಂದಿಯೋ?

ಬಿಜೈ_ಮೇಲ್ಮಾಳಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆ ಬಿಜೈಯಲ್ಲಿ, ಕೊನೆಯ ಮಾಳಿಗೆ. ಸಂಜೆ ಬಿಸಿಲು ನೇರ ಹಾಲಿನ ಗೋಡೆಗೆ ಬೀಳ್ತದೆ. ಮಾರ್ಚ್ ಬಂತೆಂದರೆ ಒಳಗೆ 32–33 ಡಿಗ್ರಿ. ಏಸಿ ಮಲಗುವ ಕೋಣೆಗೆ ಮಾತ್ರ, ಅದೂ ರಾತ್ರಿ ಹೊತ್ತು. ಮನೆಯಲ್ಲಿ ಇಬ್ಬರೇ. ವಾರಕ್ಕೊಮ್ಮೆ ಊಟದ ಜೊತೆ ರೆಡ್ ವೈನ್ ಕುಡಿಯುವ ಅಭ್ಯಾಸ, ಹೆಚ್ಚಾಗಿ ನಮ್ಮ ದೇಶದ್ದೇ, ಶಿರಾಜ್ ಅಥವಾ ಕ್ಯಾಬರ್ನೆ ಜಾತಿಯ ದ್ರಾಕ್ಷಿಯದ್ದು.

ರೆಡ್ ವೈನನ್ನು ರೂಮ್ ಟೆಂಪರೇಚರಿನಲ್ಲೇ ಕುಡಿಯಬೇಕು, ಫ್ರಿಜ್ಜಿಗೆ ಇಡಬಾರದು ಅಂತ ಎಲ್ಲ ಕಡೆ ಬರೆದಿರ್ತದೆ. ಹಾಗೆ ಕುಡಿದರೆ ಮೂಗಿಗೆ ಬರೇ ಸ್ಪಿರಿಟ್ ಹೊಡೀತದೆ, ದ್ರಾಕ್ಷಿಯ ಪರಿಮಳ ಎಲ್ಲಿಗೋ ಹೋಗ್ತದೆ. ಪೋರ್ಕ್ ಬಫಾತ್ ಅಥವಾ ಘೀ ರೋಸ್ಟ್ ಜೊತೆಗಾದರೆ ಬಾಯಿ ಇನ್ನೂ ಉರೀತದೆ. ತೆರೆದ ಬಾಟಲಿಯ ಉಳಿದ ಅರ್ಧ ಎರಡನೇ ದಿನಕ್ಕೇ ಸಪ್ಪೆ. ಇಲ್ಲಿನ ಹವೆಗೆ ಸರಿಹೋಗುವ ಕ್ರಮ ಯಾವುದು, ತಿಳಿದವರು ಹೇಳಿ.

ಮತ್ತೊಂದು, ಫೆಬ್ರವರಿಯಲ್ಲಿ ನಾಲ್ಕೈದು ದಿನ ರಜೆ ಉಂಟು. ನಾಸಿಕಕ್ಕೆ ಹೋಗುವುದಾ, ನಂದಿ ಬೆಟ್ಟದ ಕಡೆ ಸಾಕಾ? ಅಲ್ಲಿ ಎಂತ ನೋಡಬೇಕು, ಎಂತ ಕೇಳಬೇಕು, ಬಾಟಲಿ ಊರಿಗೆ ತರುವುದು ಹೇಗೆ?


ತಂಪು14 ಬರೆದದ್ದು:

ಮೊದಲು ಆ ರೂಮ್ ಟೆಂಪರೇಚರಿನ ವಿಷಯ ಬಿಡಿ. ಆ ಸಲಹೆ ಬಂದದ್ದು ಚಳಿ ದೇಶದ ಕಲ್ಲಿನ ಮನೆಗಳಿಂದ. ಅಲ್ಲಿ ಕೋಣೆಯ ಬಿಸಿ 16–18 ಡಿಗ್ರಿ. ನಮ್ಮ ಕೋಣೆಯ 32ಕ್ಕೂ ಅದಕ್ಕೂ ಸಂಬಂಧ ಇಲ್ಲ. ಮರದ ಪೀಪಾಯಿಯಲ್ಲಿ ಇಟ್ಟ ದಪ್ಪ ಕ್ಯಾಬರ್ನೆ, ರಿಸರ್ವ್ ಶಿರಾಜ್ ಗ್ಲಾಸಿಗೆ ಬೀಳುವಾಗ 16–18 ಇರಲಿ. ಮೆರ್ಲೊ, ಸಾಂಜೊವೇಸೆ, ಪೀಪಾಯಿ ಕಾಣದ ಸಾದಾ ಶಿರಾಜ್ 14–16. ತೆಳುವಾದ ಹಣ್ಣಿನ ರುಚಿಯವು 12–14. ನಮ್ಮಲ್ಲಿ ಇದಕ್ಕಿಂತ ಎರಡು ಡಿಗ್ರಿ ಕಡಿಮೆಯಲ್ಲೇ ಸುರಿಯುವುದು ಒಳ್ಳೆಯದು, ಏಕೆಂದರೆ ಸೆಕೆಗೆ ಗ್ಲಾಸಿನಲ್ಲಿ ವೈನ್ ಬೇಗ ಬೆಚ್ಚಗಾಗ್ತದೆ. ಅದೇ ಕಾರಣಕ್ಕೆ ಗ್ಲಾಸಿಗೆ ಒಮ್ಮೆಗೆ 75–100 ಮಿ.ಲೀ. ಮಾತ್ರ ಹಾಕಿ, ಬಾಟಲಿಯನ್ನು ಫ್ರಿಜ್ಜಿಗೆ ವಾಪಸ್ ಇಡಿ.

ನಿಮಗೆ ಸ್ಪಿರಿಟ್ ಹೊಡೆಯುವುದು ವೈನಿನ ದೋಷ ಅಲ್ಲ. 20 ಡಿಗ್ರಿ ದಾಟಿದ ಮೇಲೆ ಆಲ್ಕೋಹಾಲ್ ಜೋರಾಗಿ ಆವಿಯಾಗ್ತದೆ, ಉಳಿದ ಪರಿಮಳವನ್ನೆಲ್ಲ ಮುಚ್ಚಿ ಹಾಕ್ತದೆ. ನಮ್ಮ ದೇಶದ ಶಿರಾಜ್‌ಗಳಲ್ಲಿ 13–14 ಶೇಕಡಾ ಆಲ್ಕೋಹಾಲ್ ಸಾಮಾನ್ಯ, ಹಾಗಾಗಿ ಬೇಗ ಗೊತ್ತಾಗ್ತದೆ. ಹಾಗಂತ 5–6 ಡಿಗ್ರಿಯಲ್ಲಿ ನೇರ ಫ್ರಿಜ್ಜಿನಿಂದ ಸುರಿದರೆ ಪರಿಮಳ ಏಳುವುದಿಲ್ಲ, ಒಗರು ಮಾತ್ರ ನಾಲಿಗೆಗೆ ಹತ್ತಿಕೊಳ್ತದೆ.

ತಣ್ಣಗೆ ಮಾಡುವ ಲೆಕ್ಕ ಹೀಗೆ. 30–32 ಡಿಗ್ರಿಯ ಬಾಟಲಿ ಸಾದಾ ಫ್ರಿಜ್ಜಿನಲ್ಲಿ 17ಕ್ಕೆ ಇಳಿಯಲಿಕ್ಕೆ ಒಂದೂವರೆಯಿಂದ ಎರಡು ಗಂಟೆ ಬೇಕು. "ಅರ್ಧ ಗಂಟೆ ಫ್ರಿಜ್ಜಲ್ಲಿಡಿ" ಅಂತ ಬರೆಯುವವರು 22 ಡಿಗ್ರಿಯ ಕೋಣೆಯಿಂದ ಶುರು ಮಾಡುವವರು. ಅರ್ಜೆಂಟ್ ಇದ್ದರೆ ಬಕೆಟಿನಲ್ಲಿ ಅರ್ಧ ಐಸು, ಅರ್ಧ ನೀರು ಹಾಕಿ, ಬಾಟಲಿಯ ಕುತ್ತಿಗೆವರೆಗೆ ಮುಳುಗಿಸಿ, 10–12 ನಿಮಿಷ ಸಾಕು. ಬರೇ ಐಸು ತುಂಬಿದರೆ ಕೆಲಸ ನಿಧಾನ, ಐಸಿನ ತುಂಡುಗಳ ನಡುವೆ ಗಾಳಿ ಉಳಿಯುತ್ತದಲ್ಲ. ನೀರು ಇದ್ದರೇ ಬಾಟಲಿಗೆ ಎಲ್ಲ ಕಡೆ ತಂಪು ತಾಗುವುದು. ಒಂದು ಹಿಡಿ ಕಲ್ಲುಪ್ಪು ಹಾಕಿದರೆ ಇನ್ನೂ ಬೇಗ. ಫ್ರೀಜರಿಗೆ ಹಾಕಿ ಮರೆತರೆ ಕಾರ್ಕ್ ಹೊರಗೆ ಬರ್ತದೆ ಅಥವಾ ಗಾಜು ಒಡೀತದೆ. ಗ್ಲಾಸಿಗೆ ಐಸು ಹಾಕುವುದು ಬೇಡ, ನೀರಾಗ್ತದೆ. ಅಡುಗೆಯ ಕಡ್ಡಿ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ. ನಾಲ್ಕು ಸಲ ಗ್ಲಾಸಿನಲ್ಲಿ ಅಳೆದರೆ ನಿಮ್ಮ ಫ್ರಿಜ್ಜಿನ ಲೆಕ್ಕ ಕೈಗೆ ಬರ್ತದೆ.

ಮೊದಲೇ ಫ್ರಿಜ್ಜಿನಲ್ಲಿದ್ದ ಬಾಟಲಿಯಾದರೆ ಉಲ್ಟಾ. ಹೊರಗೆ ಮೇಜಿನ ಮೇಲಿಟ್ಟು 40–60 ನಿಮಿಷ. ಮಳೆಗಾಲದಲ್ಲಿ ಇನ್ನೂ ಬೇಗ ಬೆಚ್ಚಗಾಗ್ತದೆ. ಗಾಳಿಯ ತೇವ ಗಾಜಿನ ಮೇಲೆ ನೀರಾಗಿ ಕೂತುಕೊಳ್ಳುವಾಗ ತನ್ನ ಬಿಸಿಯನ್ನು ಬಾಟಲಿಗೆ ಕೊಡ್ತದೆ.

ಈಗ ಇಡುವ ವಿಷಯ. ನಿಮ್ಮ ಮನೆಯ ಕಪಾಟು, ಮಂಚದ ಅಡಿ, ಅಟ್ಟ, ಅಡುಗೆಮನೆ ಯಾವುದೂ ಆಗಲಿಕ್ಕಿಲ್ಲ. ವೈನಿನೊಳಗಿನ ಕ್ರಿಯೆಗಳು 10 ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು ವೇಗ ಆಗ್ತವೆ. 12ರ ಬದಲು 32ರಲ್ಲಿ ಇಟ್ಟರೆ ನಾಲ್ಕು ಪಟ್ಟು. ಬೇಗ ಮಾಗುವುದಲ್ಲ ಅದು, ಬೇಯುವುದು. ಹಗಲು 33, ರಾತ್ರಿ ಏಸಿಯಲ್ಲಿ 24 ಅಂತ ಏರಿಳಿತ ಆದರೆ ಇನ್ನೂ ಕೆಟ್ಟದ್ದು. 20 ಡಿಗ್ರಿ ಏರಿದರೆ 750 ಮಿ.ಲೀ. ವೈನ್ ಮೂರು–ನಾಲ್ಕು ಮಿ.ಲೀ. ಹಿಗ್ಗುತ್ತದೆ. ಕಾರ್ಕಿನ ಕೆಳಗೆ ಇರುವ ಜಾಗವೇ ಕೆಲವು ಮಿ.ಲೀ. ಅಷ್ಟೆ. ವೈನ್ ಹಿಗ್ಗಿದಾಗ ಕಾರ್ಕನ್ನು ತಳ್ಳುತ್ತದೆ, ಕುಗ್ಗಿದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ.

ವಾರಕ್ಕೊಂದು ಬಾಟಲಿ ಕುಡಿಯುವ ಮನೆಗೆ ಸಾದಾ ಫ್ರಿಜ್ಜಿನ ತರಕಾರಿ ಡ್ರಾಯರ್ ಸಾಕು. ಮೂರ್ನಾಲ್ಕು ತಿಂಗಳಿಗೆ ಯಾವ ತೊಂದರೆಯೂ ಇಲ್ಲ. ತಿರುಪು ಮುಚ್ಚಳದ ಬಾಟಲಿ ನಿಲ್ಲಿಸಿಡಬಹುದು, ಕಾರ್ಕಿನದ್ದು ಮಲಗಿಸಿ. ಫ್ರಿಜ್ಜಿನ ಗಾಳಿ ಒಣ, ವರ್ಷಗಟ್ಟಲೆ ಇಟ್ಟರೆ ಕಾರ್ಕ್ ಒಣಗ್ತದೆ. ಆದರೆ ಅಷ್ಟು ವರ್ಷ ಇಡುವ ವೈನ್ ನಾವು ಕೊಳ್ಳುವುದೂ ಇಲ್ಲ. ನಮ್ಮ ದೇಶದ ಸಾದಾ ರೆಡ್‌ಗಳನ್ನು ಕೊಯ್ಲಿನ ವರ್ಷದಿಂದ ಎರಡು–ಮೂರು ವರ್ಷದೊಳಗೆ ಕುಡಿಯಬೇಕು, ರಿಸರ್ವ್‌ಗಳನ್ನು ಐದಾರು ವರ್ಷದೊಳಗೆ.

ವೈನ್ ಫ್ರಿಜ್ಜನ್ನೇ ಕೊಳ್ಳುವ ಯೋಚನೆ ಇದ್ದರೆ ಒಂದು ಮುಖ್ಯ ವಿಷಯ. ಸಣ್ಣ, ಅಗ್ಗದ, ಸದ್ದಿಲ್ಲದ ಮಾದರಿಗಳು ಹೆಚ್ಚಾಗಿ ಪೆಲ್ಟಿಯರ್ ಪ್ಲೇಟಿನವು (ಕರೆಂಟು ಹರಿದರೆ ಒಂದು ಬದಿ ತಣ್ಣಗಾಗುವ ಪ್ಲೇಟು), ಕಂಪ್ರೆಸರ್ ಇರುವುದಿಲ್ಲ. ಅವು ಹೊರಗಿನ ಬಿಸಿಗಿಂತ 12–15 ಡಿಗ್ರಿ ಮಾತ್ರ ಇಳಿಸಬಲ್ಲವು. ಏಪ್ರಿಲಿನಲ್ಲಿ ನಿಮ್ಮ ಹಾಲ್ 33 ಇದ್ದಾಗ ಒಳಗೆ 18–21ರಲ್ಲೇ ನಿಂತು ದಿನವಿಡೀ ಕರೆಂಟು ತಿನ್ನುತ್ತವೆ. ಕರಾವಳಿಗೆ ಕಂಪ್ರೆಸರ್ ಇರುವುದೇ ಬೇಕು. 12–18 ಬಾಟಲಿಯದ್ದು ಸಾಕು, ಸುತ್ತ ನಾಲ್ಕು ಬೆರಳು ಜಾಗ ಬಿಡಿ, 14ಕ್ಕೆ ಹಾಕಿ ಇಡಿ. ಎರಡು–ಮೂರು ಗಂಟೆ ಕರೆಂಟು ಹೋದರೆ ಬಾಗಿಲು ತೆರೆಯದೆ ಇದ್ದರಾಯ್ತು. ತುಂಬಿದ ಬಾಟಲಿಗಳೇ ತಂಪು ಹಿಡಿದುಕೊಳ್ಳುತ್ತವೆ.

ಉಳಿದ ಅರ್ಧಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಕಂಡಿಲ್ಲ: 375 ಮಿ.ಲೀ.ನ ಒಂದು ಖಾಲಿ ವೈನ್ ಬಾಟಲಿ, ತಿರುಪು ಮುಚ್ಚಳದ್ದು, ಚೆನ್ನಾಗಿ ತೊಳೆದು ಒಣಗಿಸಿ ಇಟ್ಟುಕೊಳ್ಳಿ. ದೊಡ್ಡ ಬಾಟಲಿ ತೆರೆದ ಕೂಡಲೇ, ಕುಡಿಯುವ ಮೊದಲೇ, ಅದಕ್ಕೆ ಅಂಚಿನವರೆಗೆ ತುಂಬಿ ಮುಚ್ಚಿ ಫ್ರಿಜ್ಜಿಗೆ. ಗಾಳಿಗೆ ಜಾಗವೇ ಇಲ್ಲದ್ದರಿಂದ ಒಂದು ವಾರ ನಿಲ್ಲುತ್ತದೆ. ಊಟ ಮುಗಿದ ಮೇಲೆ ಉಳಿದದ್ದನ್ನು ಹಾಗೇ ಮುಚ್ಚಿ ಫ್ರಿಜ್ಜಿಗಿಟ್ಟರೆ ಮೂರು ದಿನ. ಹೊರಗಿಟ್ಟರೆ ನಮ್ಮ ಸೆಕೆಯಲ್ಲಿ ಮರುದಿನಕ್ಕೇ ಹೋಯ್ತು. ನಿಮ್ಮದು ಎರಡನೇ ದಿನಕ್ಕೆ ಸಪ್ಪೆ ಆಗುವುದು ಇದರಿಂದಲೇ ಇರಬೇಕು. ಸಣ್ಣ ನೊಣಗಳೂ ಬರ್ತವೆ, ಅವು ಹೊತ್ತು ತರುವ ಬ್ಯಾಕ್ಟೀರಿಯಾ ವೈನನ್ನು ವಿನೆಗರ್ ಕಡೆಗೆ ಒಯ್ಯುತ್ತದೆ.


ಮಲ್ಪೆ_ಗಾಳಿ ಬರೆದದ್ದು:

ಮೇಲಿನದ್ದಕ್ಕೆ ಗ್ಲಾಸಿನ ವಿಷಯ ಸೇರಿಸ್ತೇನೆ. 350–450 ಮಿ.ಲೀ. ಹಿಡಿಯುವ, ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದಾದ ಒಂದೇ ನಮೂನೆಯ ಗ್ಲಾಸು ಎಲ್ಲ ರೆಡ್‌ಗೂ ಆಗ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ, ತಿರುಗಿಸಲಿಕ್ಕೆ ಜಾಗ ಬೇಕು. ಕೈಯಲ್ಲಿ ಹೊಟ್ಟೆ ಹಿಡಿಯದೆ ಕಾಂಡ ಹಿಡಿಯಿರಿ, ಅಂಗೈ ಬಿಸಿ ತಾಗ್ತದೆ.

ನಮ್ಮ ಕಡೆ ಗ್ಲಾಸು ಹಾಳಾಗುವುದು ವಾಸನೆಯಿಂದ. ಮಳೆಗಾಲದಲ್ಲಿ ಮರದ ಕಪಾಟಿನಲ್ಲಿ ಬೋರಲು ಹಾಕಿಟ್ಟರೆ ಒಳಗಿನ ಗಾಳಿ ಅಲ್ಲೇ ಕೂತು ಮುಗ್ಗಲು ವಾಸನೆ ಹಿಡೀತದೆ. ಆಮೇಲೆ ವೈನೇ ಕೆಟ್ಟಿದೆ ಅಂತ ಅನಿಸ್ತದೆ. ಬಾಯಿ ಮೇಲೆ ಮಾಡಿ ಇಡಿ, ಸುರಿಯುವ ಮೊದಲು ಖಾಲಿ ಗ್ಲಾಸನ್ನೇ ಒಮ್ಮೆ ಮೂಸಿ ನೋಡಿ. ಪಾತ್ರೆ ತೊಳೆಯುವ ಲಿಂಬೆ ವಾಸನೆಯ ಸೋಪು ಬೇಡ. ಬಿಸಿನೀರು ಸಾಕು, ಮೀನಿನ ಪಾತ್ರೆಯ ಸ್ಪಂಜು ಅಂತೂ ಬೇಡವೇ ಬೇಡ.


ಬಫಾತ್_ಪುಡಿ ಬರೆದದ್ದು:

ಊಟದ ವಿಷಯ ನಾನು ಹೇಳ್ತೇನೆ. ಖಾರಕ್ಕೆ ಒಗರೂ ಆಲ್ಕೋಹಾಲೂ ಸೇರಿದರೆ ಉರಿ ಜಾಸ್ತಿ ಆಗುವುದೇ. ಅದಕ್ಕೆ ಮೂರು ಕಡೆಯಿಂದ ಹಿಡಿಯಬೇಕು. ವೈನ್ 14 ಡಿಗ್ರಿಗೆ ತಣ್ಣಗಿರಲಿ, ಪೀಪಾಯಿ ಕಾಣದ, ಒಗರು ಕಡಿಮೆಯ, ಹಣ್ಣಿನ ರುಚಿ ಮುಂದಿರುವ ವೈನ್ ಇರಲಿ, ಅಡುಗೆಯ ಖಾರ ಮೆಣಸಿನ ಬಣ್ಣದಿಂದ ಬರಲಿ, ಉರಿಯಿಂದ ಅಲ್ಲ.

ಪೋರ್ಕ್ ಬಫಾತ್ ರೆಡ್ ವೈನಿಗೆ ಬಹಳ ಒಳ್ಳೆಯ ಜೋಡಿ, ಜನ ಅಂದುಕೊಂಡದ್ದಕ್ಕಿಂತ. ಹಂದಿಯ ಕೊಬ್ಬು ಒಗರನ್ನು ಮೆತ್ತಗೆ ಮಾಡ್ತದೆ, ವಿನೆಗರಿನ ಹುಳಿಗೆ ವೈನಿನ ಹುಳಿ ಸಾಟಿಯಾಗಿ ನಿಲ್ತದೆ. ತಪ್ಪುವುದು ಎಲ್ಲಿ ಅಂದರೆ, ಅಡುಗೆಯ ಹುಳಿ ವೈನಿನ ಹುಳಿಗಿಂತ ಜಾಸ್ತಿ ಆದಾಗ. ಆಗ ವೈನ್ ಬರೇ ನೀರು ನೀರಾಗಿ ಕಾಣ್ತದೆ. ಕಿಲೋ ಮಾಂಸಕ್ಕೆ ವಿನೆಗರ್ ಎರಡು ದೊಡ್ಡ ಚಮಚದಲ್ಲಿ ನಿಲ್ಲಿಸಿ. ಬ್ಯಾಡಗಿ ಮೆಣಸೇ ಹೆಚ್ಚಿರುವ ಪುಡಿ ಬಳಸಿ, ಹಸಿಮೆಣಸು ಅರ್ಧ ಮಾಡಿ. ಹಿಂದಿನ ದಿನ ಮಾಡಿಟ್ಟು ಮರುದಿನ ಬಿಸಿ ಮಾಡಿದರೆ ಮಸಾಲೆಯ ಮೊನೆ ಇಳೀತದೆ, ವೈನಿಗೆ ಅದೇ ಬೇಕಾದ್ದು. ಜೊತೆಗೆ ಸಣ್ಣ (ಹುದುಗು ಬರಿಸಿ ಮಾಡುವ ನಮ್ಮ ಕಡೆಯ ಮೆತ್ತಗಿನ ಇಡ್ಲಿ) ಇರಲಿ. ಎರಡು ತುತ್ತು ಮಾಂಸ, ಒಂದು ತುಂಡು ಸಣ್ಣ, ಆಮೇಲೆ ಗುಟುಕು. ಬಾಯಲ್ಲಿ ಖಾರ ಇರುವಾಗಲೇ ಕುಡಿದರೆ ಬರೇ ಉರಿ.

ಕುಂದಾಪುರದ ಘೀ ರೋಸ್ಟ್ ಸ್ವಲ್ಪ ಕಷ್ಟ. ತುಪ್ಪ ಸಹಾಯಕ್ಕೆ ಬರ್ತದೆ, ಆದರೆ ಅದರೊಳಗೆ ಹುಳಿಯೂ ಬೆಲ್ಲವೂ ಉಂಟು. ಊಟದಲ್ಲಿ ಸಿಹಿ ಇದ್ದರೆ ಸಿಹಿಯಿಲ್ಲದ ವೈನ್ ಕಹಿಯಾಗಿ ತೋರ್ತದೆ. ಮನೆಯಲ್ಲೇ ಮಾಡುವುದಾದರೆ ಬೆಲ್ಲ ಬಿಟ್ಟುಬಿಡಿ. ಹೋಟೆಲಿನಿಂದ ತರಿಸಿದ್ದಾದರೆ ಕ್ಯಾಬರ್ನೆ ಬೇಡ, ಜಿನ್‌ಫಂಡೆಲ್ ಅಥವಾ ಸಾದಾ ಶಿರಾಜ್ ಇರಲಿ. ಕೋರಿ ರೊಟ್ಟಿ ಇದಕ್ಕಿಂತ ಸುಲಭ, ಗಸಿಯ ತೆಂಗಿನ ಹಾಲು ಒಗರನ್ನೂ ಖಾರವನ್ನೂ ಎರಡನ್ನೂ ತಗ್ಗಿಸ್ತದೆ. ಮಟನ್ ಸುಕ್ಕಕ್ಕೆ ರಿಸರ್ವ್ ಶಿರಾಜ್ ಧೈರ್ಯವಾಗಿ ತೆರೆಯಬಹುದು. ಹುರಿದ ಕೊತ್ತಂಬರಿ, ಕಾಳುಮೆಣಸು, ತೆಂಗಿನ ತುರಿ, ಈ ಹುರಿದ ಪರಿಮಳಕ್ಕೆ ಪೀಪಾಯಿಯ ಪರಿಮಳ ಹೊಂದ್ತದೆ.

ಬಂಗುಡೆ, ಬೂತಾಯಿ ಜೊತೆ ರೆಡ್ ಬೇಡ ಮಾರಾಯ್ರೆ, ಪುಳಿಮುಂಚಿ ಆದರಂತೂ ಬೇಡ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿ ಬಾಯಲ್ಲಿ ಹಳೇ ಮೀನಿನ ವಾಸನೆ ಏಳಿಸ್ತದೆ. ಜಪಾನಿನ ಸಂಶೋಧಕರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಮೀನಿನ ದಿನ ಬಿಳಿ ವೈನ್ ತೆರೆಯಿರಿ.

ಉಳಿದ ವೈನ್ ತೀರ ಸಪ್ಪೆಯಾದರೆ 150 ಮಿ.ಲೀ.ಯನ್ನು ಸ್ಟೀಲ್ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಮಟನ್ ಸ್ಟ್ಯೂಗೆ ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಬಿಡ್ತದೆ.


ಕಾಪು_ಲೈಟ್‌ಹೌಸ್ ಕೇಳಿದ್ದು:

ಅಕ್ಕ, ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಉಡುಪಿ ಕಡೆಯ ಅಡುಗೆಗೆ ರೆಡ್ ವೈನ್ ಆಗ್ತದಾ?


ಬಫಾತ್_ಪುಡಿ ಬರೆದದ್ದು:

ಆಗ್ತದೆ ತಮ್ಮ, ಆರಿಸಿಕೊಳ್ಳಬೇಕು ಅಷ್ಟೆ. ಗುಜ್ಜೆ ಸುಕ್ಕ ನಂಬರ್ ಒನ್. ಎಳೆ ಹಲಸಿನ ನಾರು, ಹುರಿದ ಮಸಾಲೆ, ತೆಂಗು ಮೂರೂ ಸೇರಿ ಶಿರಾಜ್‌ಗೆ ಸರಿಯಾಗಿ ನಿಲ್ತವೆ. ಕಡಲೆ ಮತ್ತು ಸುವರ್ಣಗೆಡ್ಡೆಯ ಸುಕ್ಕ, ಅಣಬೆ ತುಪ್ಪದಲ್ಲಿ ಹುರಿದು ಕಾಳುಮೆಣಸು ಹಾಕಿದ್ದು, ಮಟ್ಟುಗುಳ್ಳವನ್ನು ದಪ್ಪ ಬಿಲ್ಲೆ ಮಾಡಿ ಎಣ್ಣೆಯಲ್ಲಿ ಕೆಂಪಗೆ ಕಾಯಿಸಿದ್ದು, ಇವೆಲ್ಲ ಸಾಂಜೊವೇಸೆ ಅಥವಾ ಮೆರ್ಲೊ ಜೊತೆ ಒಳ್ಳೆಯದು. ಬೆಲ್ಲ ಹಾಕಿದ ಸಾಂಬಾರು, ಮೆಣಸ್ಕಾಯಿ, ಹುಳಿ ಜೋರಿರುವ ಪತ್ರೊಡೆ ಬೇಡ. ಬರೇ ವೈನ್ ಮುಂದಿಟ್ಟು ಕೂರುವುದಾದರೆ ಉಪ್ಪು ಹಾಕಿ ಹುರಿದ ಗೇರುಬೀಜ ಸಾಕು. ಉಪ್ಪೂ ಕೊಬ್ಬೂ ಎರಡೂ ಒಗರನ್ನು ಕಡಿಮೆ ಮಾಡುವಂಥವೇ.


ಘಾಟಿ_ಆಚೆ ಬರೆದದ್ದು:

ಪ್ರವಾಸದ ಪ್ರಶ್ನೆಗೆ ಬರೋಣ. ಫೆಬ್ರವರಿ ಆರಿಸಿದ್ದು ಸರಿಯಾದ ಹೊತ್ತು. ಚಳಿ ದೇಶಗಳ ಬಳ್ಳಿ ಚಳಿಗಾಲದಲ್ಲಿ ಮಲಗಿ ಶರತ್ಕಾಲದಲ್ಲಿ ಹಣ್ಣು ಕೊಡುತ್ತದೆ. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ, ಹಾಗಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ, ಅಂದರೆ ಕೊಂಬೆ ಕತ್ತರಿಸುತ್ತಾರೆ. ಕೊಯ್ಲಾದ ಮೇಲೆ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದೆ ಸರಿಯುವಾಗ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ. ಎರಡನೇ ಸವರಿಕೆಯಿಂದ ಬಂದ ಗೊಂಚಲು ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಬರುತ್ತದೆ. ಬಿಳಿ ಜಾತಿಗಳು ಮೊದಲು, ಕೆಂಪು ಆಮೇಲೆ. ಆದ್ದರಿಂದ ರೆಡ್ ವೈನಿಗಾಗಿಯೇ ಹೋಗುವವರು ಫೆಬ್ರವರಿಯ ಎರಡನೇ ಅರ್ಧ ನೋಡಿಕೊಳ್ಳಿ. ಗೊಂಚಲು ಬಳ್ಳಿಯಲ್ಲೂ ಇರುತ್ತದೆ, ಟ್ಯಾಂಕಿನಲ್ಲಿ ಹುದುಗೂ ಕಾಣುತ್ತದೆ. ಮಳೆಗಾಲದಲ್ಲಿ ಹೋದರೆ ಎಲೆ ಮಾತ್ರ.

ನಾಲ್ಕೈದು ದಿನ ಇದ್ದರೆ ನಾಸಿಕ. ಮಂಗಳಾ ಲಕ್ಷದ್ವೀಪ್ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್, ಉಡುಪಿ ಎರಡೂ ಕಡೆಯಿಂದ ಕೊಂಕಣ ದಾರಿಯಲ್ಲಿ ಹೋಗಿ ಪನ್ವೇಲ್, ಕಲ್ಯಾಣ ದಾಟಿ ನಾಸಿಕ್ ರೋಡ್‌ಗೆ ಮರುದಿನ ಮುಟ್ಟಿಸುತ್ತದೆ, ಗಾಡಿ ಬದಲಿಸುವ ಕೆಲಸ ಇಲ್ಲ. ಸ್ಟೇಷನ್ ಊರಿನ ಒಂದು ಬದಿ, ಗಂಗಾಪುರ ಅಣೆಕಟ್ಟಿನ ತೋಟಗಳು ಇನ್ನೊಂದು ಬದಿ, ನಡುವೆ ಸುಮಾರು 20 ಕಿಲೋಮೀಟರ್. ಸುಲಾ, ಯಾರ್ಕ್, ಸೋಮಾ ಮೂರೂ ವೈನ್ ಎಸ್ಟೇಟ್‌ಗಳು ಆ ಕಡೆಯೇ ಹತ್ತಿರ ಹತ್ತಿರ. ಒಂದು ದಿನ ಅಲ್ಲಿಗೆ. ಇನ್ನೊಂದು ದಿನ ಇಗತ್‌ಪುರಿ ತಾಲೂಕಿನ ಸಂಜೇಗಾಂವ್ ಕಡೆ, ವಲೋನ್ ಮತ್ತು ಗ್ರೋವರ್ ಜಂಪಾದ ನಾಸಿಕ್ ಘಟಕ ಅಲ್ಲಿವೆ. ದಿನಕ್ಕೆ ಎರಡೇ ಎಸ್ಟೇಟ್ ಇಟ್ಟುಕೊಳ್ಳಿ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ನಾಲಿಗೆ ದಣಿದಿರುತ್ತದೆ, ಯಾವ ವೈನೂ ಒಂದೇ ತರ ಕಾಣುತ್ತದೆ. ಸುಲಾದಲ್ಲಿ ಶನಿವಾರ–ಭಾನುವಾರ ಮುಂಬೈಯ ಜನ ತುಂಬಿರುತ್ತಾರೆ, ಮಂಗಳವಾರ–ಬುಧವಾರ ಹೋದರೆ ತೋರಿಸುವವರ ಹತ್ತಿರ ಮಾತಾಡಲಿಕ್ಕೆ ಪುರುಸೊತ್ತು ಸಿಗುತ್ತದೆ.

ಎರಡೇ ದಿನ ಇದ್ದರೆ ನಂದಿ ಕಡೆ. ಗ್ರೋವರ್ ಅವರು 1988ರಲ್ಲಿ ಶುರು ಮಾಡಿದ ತೋಟ ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ. ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೊಲಾಂ ಸಲಹೆಗಾರರಾಗಿದ್ದ ತೋಟ ಇದೇ. ಇವರ ಲಾ ರಿಸರ್ವ್, ಕ್ಯಾಬರ್ನೆ ಮತ್ತು ಶಿರಾಜ್ ಸೇರಿದ ರೆಡ್, ನೀವು ಮಂಗಳೂರಿನಲ್ಲಿ ಕುಡಿದಿರಬಹುದು. ಅದನ್ನು ತೋಟದಲ್ಲೇ ಸರಿಯಾದ ತಂಪಿನಲ್ಲಿ ಕುಡಿದು ನೋಡಿದರೆ ಹೋಲಿಸಲಿಕ್ಕೆ ಒಂದು ಅಳತೆ ಸಿಗುತ್ತದೆ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಶಿರಾಡಿ ಹತ್ತಿ, ಬೆಳಿಗ್ಗೆ ಟ್ಯಾಕ್ಸಿ ಮಾಡಿಕೊಂಡರೆ ಆಯಿತು. ಸ್ವಂತ ಕಾರಾದರೆ ಓಡಿಸುವವರು ಕುಡಿಯುವ ಹಾಗಿಲ್ಲ, ಅವರ ಪಾಲನ್ನು ಉಗುಳುವುದೂ ಲೆಕ್ಕಕ್ಕೆ ಬರುವುದಿಲ್ಲ, ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ. ಎಲ್ಲ ಕಡೆ ಮೊದಲೇ ಬುಕ್ ಮಾಡಿ. ದಿನಾಂಕ ಡ್ರೈ ಡೇ ಅಲ್ಲ ಅಂತ ನೋಡಿಕೊಳ್ಳಿ, ಆ ಜಿಲ್ಲೆಯಲ್ಲಿ ಚುನಾವಣೆ ಇದ್ದರೂ ಬಾಗಿಲು ಮುಚ್ಚುತ್ತಾರೆ.

ರುಚಿ ನೋಡುವ ದಿನ ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ನಿ. ಸೆಂಟು ಬೇಡ, ಮಲ್ಲಿಗೆ ಮುಡಿಯುವುದು ಆವತ್ತಿಗೆ ಬೇಡ, ಎಲೆಯಡಿಕೆ ಬೇಡ, ಕಾಫಿ ಕುಡಿದ ಅರ್ಧ ಗಂಟೆಯೊಳಗೆ ಶುರು ಮಾಡಬೇಡಿ. ಒಂದೊಂದು ಸುರಿಯುವಿಕೆ ಸಾಮಾನ್ಯವಾಗಿ 30 ಮಿ.ಲೀ. ಆಸುಪಾಸು. ಐದು ಆದರೆ 150, ಅಂದರೆ ಒಂದು ಪೂರ್ತಿ ಗ್ಲಾಸು. 13.5 ಶೇಕಡಾದ ವೈನಾದರೆ ಅದರಲ್ಲಿ 16 ಗ್ರಾಂ ಆಲ್ಕೋಹಾಲ್. ಎರಡು ಎಸ್ಟೇಟಿಗೆ ಇಮ್ಮಡಿ. ಉಗುಳಲಿಕ್ಕೆ ಪಾತ್ರೆ ಕೇಳಿ, ಅದು ಮರ್ಯಾದೆ ತೆಗೆಯುವ ಕೆಲಸ ಅಲ್ಲ, ಈ ಕಸುಬಿನವರು ಎಲ್ಲರೂ ಮಾಡುವುದು ಅದೇ. ಬಿಳಿಯಿಂದ ತೆಳು ಕೆಂಪಿಗೆ, ಅಲ್ಲಿಂದ ರಿಸರ್ವ್‌ಗೆ ಹೋಗಿ. ಸಿಹಿಯದ್ದು ಕೊನೆಗೆ.

ಮಾರ್ಗದರ್ಶಿ ಹೇಳುವ ಕಥೆ ಎಲ್ಲ ಕಡೆ ಒಂದೇ. ನೀವಾಗಿ ಕೇಳಬೇಕಾದ್ದು ಬೇರೆ. ಹುದುಗು ಬರುವಾಗ ಟ್ಯಾಂಕಿನ ಬಿಸಿ ಎಷ್ಟಕ್ಕೆ ಹಿಡಿಯುತ್ತೀರಿ (ರೆಡ್‌ಗೆ 25–30 ಸಾಮಾನ್ಯ), ಸಿಪ್ಪೆಯ ಜೊತೆ ಎಷ್ಟು ದಿನ ಬಿಡುತ್ತೀರಿ, ಮೇಲೆ ತೇಲುವ ಸಿಪ್ಪೆಯ ಪದರಕ್ಕೆ ದಿನಕ್ಕೆ ಎಷ್ಟು ಸಲ ರಸ ಹಾಯಿಸುತ್ತೀರಿ. ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ, ರಸದಿಂದ ಅಲ್ಲ, ಆದ್ದರಿಂದ ಈ ಮೂರು ಉತ್ತರದಲ್ಲೇ ವೈನಿನ ಮೈಕಟ್ಟು ಗೊತ್ತಾಗುತ್ತದೆ. 225 ಲೀಟರಿನ ಪೀಪಾಯಿ ಫ್ರೆಂಚ್ ಓಕಿನದ್ದೋ ಅಮೆರಿಕನ್ ಓಕಿನದ್ದೋ, ಹೊಸತೋ ಮೂರ್ನಾಲ್ಕು ಸಲ ಬಳಸಿದ್ದೋ ಕೇಳಿ. ಅಮೆರಿಕನ್‌ನಲ್ಲಿ ವೆನಿಲಾ, ಕೊಬ್ಬರಿಯ ಪರಿಮಳ ಮುಂದಿರುತ್ತದೆ. ಪೀಪಾಯಿಯಿಂದ ನೇರ ಒಂದು ಗುಟುಕು ಕೊಡುತ್ತೀರಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಆಸಕ್ತಿ ಕಂಡರೆ ಕೆಲವರು ಕೊಡುತ್ತಾರೆ. ಅದೇ ವೈನಿನ ಬಾಟಲಿಗೆ ಹೋದ ರೂಪ ಪಕ್ಕದಲ್ಲಿಟ್ಟು ಕುಡಿದರೆ ಪೀಪಾಯಿ ಏನು ಮಾಡುತ್ತದೆ ಅಂತ ನಾಲಿಗೆಗೇ ತಿಳಿಯುತ್ತದೆ.


ಬಿಜೈ_ಮೇಲ್ಮಾಳಿಗೆ ಕೇಳಿದ್ದು:

ಇಷ್ಟು ವಿವರ ಕೊಟ್ಟದ್ದಕ್ಕೆ ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂಶಯ. ಕಪಾಟಿನಲ್ಲಿರುವ ಒಂದು ಬಾಟಲಿಯ ಕಾರ್ಕ್ ಮೇಲೆ ಉಬ್ಬಿಕೊಂಡಿದೆ, ಕುತ್ತಿಗೆ ಅಂಟಂಟು. ಇನ್ನೊಂದು ಫ್ರಿಜ್ಜಿನಲ್ಲಿದ್ದದ್ದು, ಅಡಿಯಲ್ಲಿ ಗಾಜಿನ ಚೂರಿನ ಹಾಗೆ ಹೊಳೆಯುವ ಹರಳು. ಎರಡೂ ಚೆಲ್ಲುವುದಾ?


ತಂಪು14 ಬರೆದದ್ದು:

ಹರಳಿನದ್ದು ಚೆಲ್ಲಬೇಡಿ. ಅದು ದ್ರಾಕ್ಷಿಯ ಹುಳಿಯೇ, ಟಾರ್ಟಾರಿಕ್ ಆಮ್ಲದ ಲವಣ. ತಂಪಿಗೆ ಹರಳುಗಟ್ಟಿ ಕೆಳಗೆ ಕೂರುತ್ತದೆ. ಹೊಟ್ಟೆಗೆ ಏನೂ ಆಗುವುದಿಲ್ಲ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಅಲುಗಾಡಿಸದೆ ನಿಧಾನ ಸುರಿಯಿರಿ, ಕೊನೆಯ ಎರಡು ಬೆರಳಿನಷ್ಟು ಬಿಡಿ.

ಅಂಟಂಟು ಆದದ್ದು ಸೆಕೆಗೆ ಹಿಗ್ಗಿ ಸೋರಿದ್ದು. ಇವತ್ತೇ ತಣ್ಣಗೆ ಮಾಡಿ ತೆರೆದು ನೋಡಿ. ಬೇಯಿಸಿದ ಒಣದ್ರಾಕ್ಷಿಯ, ಜಾಮಿನ ವಾಸನೆ, ಬಣ್ಣದ ಅಂಚು ಇಟ್ಟಿಗೆ ಕೆಂಪು, ಬಾಯಲ್ಲಿ ಸಪ್ಪೆ ಇದ್ದರೆ ಬೆಂದಿದೆ ಅಂತ ಅರ್ಥ. ಇನ್ನು ಇಡುವುದರಲ್ಲಿ ಅರ್ಥ ಇಲ್ಲ, ಅಡುಗೆಗೆ ಬಳಸಿ. ಒದ್ದೆ ರಟ್ಟಿನ ಪೆಟ್ಟಿಗೆಯ, ಮುಗ್ಗಲು ಗೋಣಿಯ ವಾಸನೆ ಇದ್ದರೆ ಅದು ಸೆಕೆಯದ್ದಲ್ಲ, ಕಾರ್ಕಿನ ದೋಷ. ಗಾಳಿಗೆ ಬಿಟ್ಟರೂ ಹೋಗುವುದಿಲ್ಲ, ಬಿಲ್ ಇದ್ದರೆ ಅಂಗಡಿಗೆ ಹಿಂತಿರುಗಿಸಿ ಕೇಳಿ. ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಇದ್ದರೆ ವಿನೆಗರ್ ಆಗಲಿಕ್ಕೆ ಹೊರಟಿದೆ. ತಿರುಪು ಮುಚ್ಚಳದ ಬಾಟಲಿ ತೆರೆದ ಕೂಡಲೇ ಕೊಳೆತ ಮೊಟ್ಟೆಯ, ಬೆಂಕಿಕಡ್ಡಿಯ ವಾಸನೆ ಬಂದರೆ ಮಾತ್ರ ಹೆದರಬೇಡಿ. ಗಾಳಿ ಸಿಗದೆ ಒಳಗೆ ಕಟ್ಟಿಕೊಂಡದ್ದು, ಅಗಲ ಬಾಯಿಯ ಜಗ್ಗಿಗೆ ಸುರಿದು ಹದಿನೈದು ನಿಮಿಷ ಬಿಟ್ಟರೆ ಹೆಚ್ಚಾಗಿ ಹೋಗುತ್ತದೆ.

ಮುಂದೆ ಕೊಳ್ಳುವಾಗ ಅಂಗಡಿಯ ಗಾಜಿನ ಕಿಟಕಿಯಲ್ಲಿ, ಟ್ಯೂಬ್‌ಲೈಟಿನ ಅಡಿ ನಿಂತ ಬಾಟಲಿ ಬೇಡ, ಒಳಗಿನ ಪೆಟ್ಟಿಗೆಯಿಂದ ತೆಗೆದುಕೊಡಿ ಅನ್ನಿ. ಕೊಯ್ಲಿನ ವರ್ಷ ನೋಡಿ. ಕಾರ್ಕ್ ಬಾಯಿಯ ಮಟ್ಟಕ್ಕಿಂತ ಮೇಲೆ ಬಂದಿದೆಯೋ ಬೆರಳಾಡಿಸಿ ನೋಡಿ. ಕಾರ್ಕ್ ಮೇಲಿನ ಲೋಹದ ತೊಪ್ಪಿಯನ್ನು ತಿರುಗಿಸಿ ನೋಡುವುದು ಇನ್ನೊಂದು ಪರೀಕ್ಷೆ, ಅಂಟಿಕೊಂಡು ತಿರುಗದೇ ಇದ್ದರೆ ಒಳಗೆ ಸೋರಿರುವ ಸಾಧ್ಯತೆ ಉಂಟು. ಎರಡೂ ನಮೂನೆ ಸಿಕ್ಕರೆ ಕರಾವಳಿಗೆ ತಿರುಪು ಮುಚ್ಚಳದ್ದೇ ವಾಸಿ, ಮಳೆಗಾಲದ ಬೂಷ್ಟು ಕಾರ್ಕಿಗೆ ಹತ್ತುವ ತಲೆನೋವೂ ಇಲ್ಲ.


ಘಾಟಿ_ಆಚೆ ಬರೆದದ್ದು:

ತರುವ ವಿಷಯ ಬಾಕಿ ಇತ್ತು. ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಮದ್ಯ ತರಲಿಕ್ಕೆ ಅಬಕಾರಿ ನಿಯಮ ಉಂಟು, ಒಬ್ಬರು ಇಟ್ಟುಕೊಳ್ಳುವ ಪ್ರಮಾಣಕ್ಕೂ ಮಿತಿ ಉಂಟು. ಹಣ ಕೊಡುವ ಮೊದಲೇ ಎಸ್ಟೇಟಿನ ಕೌಂಟರಿನಲ್ಲಿ ಪರವಾನಗಿಯ ಬಗ್ಗೆ ಕೇಳಿ, ಬಿಲ್ ಕೈಯಲ್ಲೇ ಇರಲಿ. ಸುಲಾ, ಗ್ರೋವರ್‌ನ ಸಾಮಾನ್ಯ ಬಾಟಲಿಗಳು ಮಂಗಳೂರಿನಲ್ಲೇ ಸಿಗುವುದರಿಂದ ಅವನ್ನು ಅಲ್ಲಿಂದ ಹೊರುವುದು ವ್ಯರ್ಥ. ಎಸ್ಟೇಟಿನಲ್ಲಿ ಮಾತ್ರ ಮಾರುವಂಥದ್ದು ಒಂದೆರಡು ತನ್ನಿ. ನಂದಿಯಿಂದ ತರುವುದಾದರೆ ರಾಜ್ಯದ ಗಡಿ ದಾಟುವ ಪ್ರಶ್ನೆ ಇಲ್ಲ, ಮಿತಿಯ ಲೆಕ್ಕ ಮಾತ್ರ ನೋಡಿಕೊಳ್ಳಿ.

ಸೆಕೆಯೇ ದೊಡ್ಡ ಶತ್ರು ದಾರಿಯಲ್ಲೂ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುತ್ತದೆ, ಹಾಸನದಲ್ಲಿ ಊಟಕ್ಕೆ ಒಂದು ಗಂಟೆ ನಿಂತರೆ ಡಿಕ್ಕಿಯ ಬಾಟಲಿಗೆ ಅಷ್ಟೇ ಸಾಕು ಹಾಳಾಗಲಿಕ್ಕೆ. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಮೀನು ಸಾಗಿಸುವಂಥ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಎರಡು ಐಸ್ ಪ್ಯಾಕ್ ಜೊತೆ ಹಾಕಿ, ಮುಚ್ಚಳಕ್ಕೆ ಟೇಪು ಹಚ್ಚಿ, ಡಿಕ್ಕಿಯಲ್ಲಲ್ಲ, ಏಸಿ ತಾಗುವ ಹಿಂದಿನ ಸೀಟಿನ ಕೆಳಗಿಡಿ. ಪೆಟ್ಟಿಗೆ ಹೊಸತೇ ಇರಲಿ, ಮೀನಿನ ವಾಸನೆ ಲೇಬಲಿಗೂ ಹತ್ತುತ್ತದೆ. ರಾತ್ರಿ ಪ್ರಯಾಣವೇ ವಾಸಿ. ಮನೆಗೆ ಬಂದ ಮೇಲೆ ಬಾಟಲಿಯನ್ನು ನೇರ ತರಕಾರಿ ಡ್ರಾಯರಿಗೆ ಸೇರಿಸಿ, ಒಂದು ವಾರ ಬಿಟ್ಟು ತೆರೆಯಿರಿ. ಘಾಟಿಯಲ್ಲಿ ಕುಲುಕಿದ ಪೀಪಾಯಿಯ ವೈನಿನಲ್ಲಿ ಗಷ್ಟು ಎದ್ದಿರುತ್ತದೆ, ಅದು ಕೂರಲಿಕ್ಕೆ ಅಷ್ಟು ದಿನ ಬೇಕು.